ದಿನನಿತ್ಯದ ಕೆಲಸಕ್ಕೆ ಯಾವ ಆಫೀಸ್ ಸೂಟ್ ಹಾಕೋದು?

ಬಿಳಿಹಾಳೆ

ಹೊಸ ಲ್ಯಾಪ್‌ಟಾಪ್, ವಿಂಡೋಸ್. ಆಗಬೇಕಾದ ಕೆಲಸ: ಪತ್ರ, ವರದಿ (ಕನ್ನಡ, ಇಂಗ್ಲಿಷ್ ಎರಡೂ), ತಿಂಗಳ ಲೆಕ್ಕದ ಶೀಟು, ಅಪರೂಪಕ್ಕೆ ಸ್ಲೈಡು. ವರದಿಗಳು ಹೊರಗೆ ಹೋಗಿ ತಿದ್ದುಪಡಿಯಾಗಿ ವಾಪಸ್ ಬರುತ್ತವೆ. ಆ ಕಡೆ ಇರುವುದು ಹೆಚ್ಚಾಗಿ ವರ್ಡ್. ಇಂಟರ್ನೆಟ್ ಯಾವಾಗಲೂ ಸಿಗುತ್ತದೆ ಅನ್ನುವ ಹಾಗಿಲ್ಲ. ಯಾವ ಸೂಟ್ ಹಾಕಲಿ? "ಎಲ್ಲಾ ಒಂದೇ, ಅಭ್ಯಾಸದ ಮಾತು" ಅನ್ನುವ ಉತ್ತರ ದಯವಿಟ್ಟು ಬೇಡ.

ಟಕಟಕ

ಲಿಬ್ರೆಆಫೀಸ್. ಉಚಿತ, ಇಂಟರ್ನೆಟ್ ಬೇಕಿಲ್ಲ, ವರ್ಡ್‌ನ ಫೈಲು ಬಗೆಯಾದ ಡಾಕ್‌ಎಕ್ಸ್ ತೆರೆಯುತ್ತದೆ. ಚರ್ಚೆ ಮುಗಿಯಿತು.

ಮುದ್ರಾರಾಕ್ಷಸ

ಮುಗಿಯಲಿಲ್ಲ ಟಕಟಕ ಅವರೇ, ಈಗ ಶುರು. ಫೈಲು ತೆರೆಯುವುದು ಒಂದು ಮಾತು. ತೆರೆದು, ತಿದ್ದಿ, ಉಳಿಸಿ ಕಳಿಸಿದ ಮೇಲೆ ಆ ಕಡೆಯ ವರ್ಡ್‌ನಲ್ಲಿ ಅದು ಹೇಗೆ ಕಾಣುತ್ತದೆ ಅನ್ನುವುದು ಇನ್ನೊಂದು ಮಾತು.

ಬಿಳಿಹಾಳೆ, ಸೂಟ್ ಆರಿಸುವ ಮೊದಲು ನಿಮ್ಮ ಫೈಲುಗಳನ್ನು ವಿಂಗಡಿಸಿ. ಓದುವುದಕ್ಕಷ್ಟೇ ಹೋಗುವ ಫೈಲನ್ನು ಪಿಡಿಎಫ್ ಮಾಡಿ ಕಳಿಸಿದರಾಯಿತು, ಅಲ್ಲಿ ಸೂಟ್ ಯಾವುದಾದರೇನು. ನಿಮ್ಮ ಹತ್ತಿರವೇ ಉಳಿಯುವ ಫೈಲಿಗೂ ಚಿಂತೆಯಿಲ್ಲ. ಪೇಚಿಗೆ ಬರುವುದು ಹೋಗಿ ಬಂದು ಮಾಡುವ ಫೈಲು ಮಾತ್ರ. ಒಂದು ಸೂಟ್‌ನಲ್ಲಿ ಹುಟ್ಟಿದ ಡಾಕ್‌ಎಕ್ಸ್ ಇನ್ನೊಂದರಲ್ಲಿ ಉಳಿದು, ಮತ್ತೆ ಮೊದಲಿನದರಲ್ಲಿ ಉಳಿದು, ಹೀಗೆ ನಾಲ್ಕು ಸುತ್ತು ಹೊಡೆದರೆ ಸಣ್ಣ ಸಣ್ಣ ವ್ಯತ್ಯಾಸಗಳು ಸೇರುತ್ತಾ ಹೋಗುತ್ತವೆ. ಮೊದಲು ಹಾಳಾಗುವುದು ಇವು: ಪಠ್ಯದ ಮೇಲೆ ತೇಲುವ ಟೆಕ್ಸ್ಟ್ ಬಾಕ್ಸ್‌ಗಳ ಜಾಗ, ಹಲವು ಹಂತದ ಅಂಕಿಪಟ್ಟಿ (೧, ೧.೧, ೧.೧.೧ ಥರದ್ದು), ಪ್ರತಿ ಸೆಕ್ಷನ್‌ಗೆ ಬೇರೆ ಬೇರೆ ಹೆಡರ್ ಇರುವ ವರದಿ, ಸ್ಮಾರ್ಟ್‌ಆರ್ಟ್ ಚಿತ್ರಗಳು. ಸಾದಾ ಪ್ಯಾರಾ, ಸಾದಾ ಟೇಬಲ್, ಹೆಡಿಂಗ್ ಸ್ಟೈಲ್ ಇಷ್ಟೇ ಇದ್ದರೆ ಯಾವ ಸೂಟ್‌ನಲ್ಲೂ ಏನೂ ಆಗುವುದಿಲ್ಲ.

ಆದ್ದರಿಂದ ನಿಮ್ಮಲ್ಲಿರುವ ಅತಿ ತೊಡಕಿನ ಎರಡು ಮೂರು ಫೈಲು ತೆಗೆದುಕೊಳ್ಳಿ, ಸುಲಭದ್ದಲ್ಲ. ಹೊಸ ಸೂಟ್‌ನಲ್ಲಿ ತೆರೆದು ಒಂದೆರಡು ಸಾಲು ಸೇರಿಸಿ ಬೇರೆ ಹೆಸರಿನಲ್ಲಿ ಉಳಿಸಿ. ಅದನ್ನು ವರ್ಡ್‌ನಲ್ಲಿ ತೆರೆಯಿರಿ. ವರ್ಡ್ ಇಲ್ಲದಿದ್ದರೆ ಉಚಿತ ಮೈಕ್ರೋಸಾಫ್ಟ್ ಖಾತೆಯಿಂದ ಬ್ರೌಸರ್‌ನ ವರ್ಡ್‌ನಲ್ಲಿ ತೆರೆದರೂ ಸಾಕಷ್ಟು ತಿಳಿಯುತ್ತದೆ. ಪುಟಗಳ ಸಂಖ್ಯೆ, ಪರಿವಿಡಿಯ ಪುಟ ಅಂಕಿ, ಪಟ್ಟಿಯ ಅಂಕಿಗಳು, ಟ್ರ್ಯಾಕ್ ಚೇಂಜಸ್‌ನಲ್ಲಿ (ಯಾರು ಏನು ತಿದ್ದಿದರೆಂದು ಗುರುತಿಡುವ ಸೌಲಭ್ಯ) ತಿದ್ದಿದವರ ಹೆಸರು, ಈ ನಾಲ್ಕನ್ನು ನೋಡಿ. ಸೂಟ್‌ಗಳ ಹೋಲಿಕೆ ಪಟ್ಟಿ ಓದುವುದಕ್ಕಿಂತ ಇದರಿಂದ ಹೆಚ್ಚು ಗೊತ್ತಾಗುತ್ತದೆ.

ಅಡ್ಡಸಾಲು

ಮೇಲಿನದ್ದಕ್ಕೆ ಒಂದು ಸೇರ್ಪಡೆ. "ಲಿಬ್ರೆಯಲ್ಲಿ ತೆರೆದರೆ ಪುಟ ಓಡುತ್ತದೆ" ಅನ್ನುವ ದೂರಿನಲ್ಲಿ ಬಹುಪಾಲು ಸೂಟ್‌ನ ತಪ್ಪಲ್ಲ, ಫಾಂಟಿನದು. ಫೈಲಿನಲ್ಲಿ ಹೇಳಿರುವ ಫಾಂಟ್ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಅದರ ಅಕ್ಷರದ ಅಗಲ ಕೂದಲೆಳೆಯಷ್ಟು ಬೇರೆ ಇದ್ದರೂ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಹತ್ತು ಪುಟದ ವರದಿ ಹನ್ನೊಂದಾಗುತ್ತದೆ.

ಲಿಬ್ರೆಆಫೀಸ್ ಜೊತೆಗೇ ಅಳತೆ ಹೊಂದುವ ಫಾಂಟ್‌ಗಳು ಬರುತ್ತವೆ. ಕ್ಯಾಲಿಬ್ರಿಗೆ ಕಾರ್ಲಿಟೊ, ಕೇಂಬ್ರಿಯಾಗೆ ಕ್ಯಾಲಡಿಯಾ, ಏರಿಯಲ್ ಮತ್ತು ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಸರಣಿ. ಅಕ್ಷರದ ರೂಪ ಬೇರೆ, ಅಗಲ ಅದೇ. ತೊಂದರೆ ಈಗ ಶುರುವಾಗಿರುವುದು ಆಪ್ಟೋಸ್‌ನಿಂದ. 2007ರಿಂದ ಇದ್ದ ಕ್ಯಾಲಿಬ್ರಿಯ ಜಾಗಕ್ಕೆ 2023ರಲ್ಲಿ ಮೈಕ್ರೋಸಾಫ್ಟ್ ಅದನ್ನು ತಂದಿತು. ಲಿಬ್ರೆ ಜೊತೆ ಬರುವ ಫಾಂಟ್‌ಗಳಲ್ಲಿ ಅದಕ್ಕೆ ಸರಿಜೋಡಿ ಇಲ್ಲ. ಹೋಗಿ ಬರುವ ಫೈಲಿಗೆ ಎರಡೂ ಕಡೆಯವರು ಒಪ್ಪಿ ಟೈಮ್ಸ್ ಅಥವಾ ಏರಿಯಲ್ ಅಥವಾ ಕ್ಯಾಲಿಬ್ರಿ ಇಟ್ಟುಕೊಂಡರೆ ಅರ್ಧ ಜಗಳ ಕಡಿಮೆ.

ಇಲ್ಲವೇ ಫಾಂಟನ್ನು ಫೈಲಿನೊಳಗೇ ಕೂರಿಸಿ. ಲಿಬ್ರೆಯಲ್ಲಿ ಫೈಲ್ > ಪ್ರಾಪರ್ಟೀಸ್ > ಫಾಂಟ್ ಟ್ಯಾಬಿನಲ್ಲಿ, ವರ್ಡ್‌ನಲ್ಲಿ ಫೈಲ್ > ಆಪ್ಷನ್ಸ್ > ಸೇವ್ ಕೆಳಗೆ ಎಂಬೆಡ್ ಫಾಂಟ್ಸ್ ಅಂತ ಇದೆ. ಫೈಲು ದಪ್ಪವಾಗುತ್ತದೆ, ಮತ್ತೆ ಪರವಾನಗಿ ಬಿಡದ ಫಾಂಟು ಕೂರುವುದಿಲ್ಲ.

ಟಕಟಕ

ಒಪ್ಪಿದೆ. ಆದರೆ ಮೂಲ ಪ್ರಶ್ನೆ ಹಾಗೇ ಇದೆ. ಲಿಬ್ರೆಯ ಸ್ವಂತ ಫೈಲು ಬಗೆ ಒಡಿಎಫ್ (ಅದರಲ್ಲಿ ಬರಹದ ಫೈಲು ಒಡಿಟಿ) 2006ರಲ್ಲೇ ಐಎಸ್‌ಒ ಅಂತರರಾಷ್ಟ್ರೀಯ ಮಾನಕ ಆಗಿದೆ, ಯಾರ ಸ್ವತ್ತೂ ಅಲ್ಲ. ವರ್ಡ್ ಕೂಡ ಒಡಿಟಿ ತೆರೆಯುತ್ತದೆ. ಹಾಗಿದ್ದ ಮೇಲೆ ನಾವೇಕೆ ಡಾಕ್‌ಎಕ್ಸ್‌ಗೆ ತಲೆಬಾಗಬೇಕು? ಎಲ್ಲರಿಗೂ ಒಡಿಟಿ ಕಳಿಸಿ.

ಮುದ್ರಾರಾಕ್ಷಸ

ಕಳಿಸಿ ನೋಡಿ, ಮೂರನೇ ದಿನ "ಫೈಲು ಸರಿಯಾಗಿಲ್ಲ, ಇನ್ನೊಮ್ಮೆ ಕಳಿಸಿ" ಅನ್ನುವ ಫೋನು ಬರುತ್ತದೆ. ಡಾಕ್‌ಎಕ್ಸ್‌ನ ಹಿಂದಿರುವ ಒಒಎಕ್ಸ್‌ಎಂಎಲ್ ಕೂಡ 2008ರಲ್ಲಿ ಐಎಸ್‌ಒ ಮಾನಕವೇ ಆಯಿತು. ಅದರಲ್ಲಿ ಸ್ಟ್ರಿಕ್ಟ್, ಟ್ರಾನ್ಸಿಷನಲ್ ಎಂದು ಎರಡು ಬಗೆ. ವರ್ಡ್ ತಾನಾಗಿ ಉಳಿಸುವುದು ಟ್ರಾನ್ಸಿಷನಲ್‌ನಲ್ಲಿ, ಹಳೆಯ ವರ್ಡ್‌ಗಳ ಚಾಳಿಗಳನ್ನೆಲ್ಲ ಹೊತ್ತು ತಂದಿರುವ ಬಗೆ ಅದು. ಬೇರೆ ಸೂಟ್‌ಗಳು ಎಡವುವುದು ಅಲ್ಲೇ.

ಮಾನಕದ ಮೇಲಿನ ಪ್ರೀತಿ ಬೇರೆ, ಎದುರಿನವರ ಕೈಯಲ್ಲಿರುವ ತಂತ್ರಾಂಶ ಬೇರೆ. ನಿಮ್ಮದೇ ಆಗಿ ಉಳಿಯುವ ಬರಹಕ್ಕೆ ಒಡಿಟಿ ಇಟ್ಟುಕೊಳ್ಳಿ, ತುಂಬಾ ಒಳ್ಳೆಯದು. ವರ್ಡ್‌ನವರ ಜೊತೆ ಹಂಚುವ ಫೈಲು ಹುಟ್ಟುವಾಗಲೇ ಡಾಕ್‌ಎಕ್ಸ್ ಆಗಿ ಹುಟ್ಟಿ ಕೊನೆಯವರೆಗೂ ಅದೇ ಆಗಿರಲಿ. ಒಂದು ಸಲ ಒಡಿಟಿ, ಒಂದು ಸಲ ಡಾಕ್‌ಎಕ್ಸ್ ಎಂದು ಉಳಿಸುತ್ತಾ ಹೋದರೆ ಪ್ರತಿ ಪರಿವರ್ತನೆಯಲ್ಲೂ ಏನಾದರೂ ಸೋರುತ್ತದೆ. ಲಿಬ್ರೆಯಲ್ಲಿ ಟೂಲ್ಸ್ > ಆಪ್ಷನ್ಸ್ > ಲೋಡ್/ಸೇವ್ > ಜನರಲ್‌ನಲ್ಲಿ ಹೊಸ ಫೈಲು ಯಾವ ಬಗೆಯಲ್ಲಿ ಉಳಿಯಬೇಕೆಂದು ಒಮ್ಮೆ ಹೇಳಿಬಿಟ್ಟರೆ ಆಯಿತು.

ಹಾಗೇ ಟೂಲ್ಸ್ > ಆಪ್ಷನ್ಸ್ > ಲಿಬ್ರೆಆಫೀಸ್ > ಯೂಸರ್ ಡೇಟಾದಲ್ಲಿ ಹೆಸರು ತುಂಬಿಸಿ. ಖಾಲಿ ಬಿಟ್ಟರೆ ನಿಮ್ಮ ತಿದ್ದುಪಡಿಗಳೆಲ್ಲ ಆ ಕಡೆ "ಅನ್‌ನೋನ್ ಆಥರ್" ಹೆಸರಿನಲ್ಲಿ ಕಾಣುತ್ತವೆ. ಮೂರು ಜನ ತಿದ್ದಿದ ವರದಿಯಲ್ಲಿ ಯಾರದ್ದು ಯಾವುದು ಎಂದು ಹುಡುಕುವವರ ಪಾಡು ಕೇಳಬೇಡಿ.

ಕೋಶಾಧಿಪತಿ

ಎಲ್ಲರೂ ವರ್ಡ್ ಸುತ್ತಲೇ ತಿರುಗುತ್ತಿದ್ದೀರಿ. ಸೂಟ್ ನಿರ್ಧಾರ ಆಗಬೇಕಾದ್ದು ಶೀಟಿನ ಮೇಲೆ. ಪತ್ರದಲ್ಲಿ ಸಾಲು ಜಾರಿದರೆ ಕಣ್ಣಿಗೆ ಕಾಣುತ್ತದೆ. ಲೆಕ್ಕ ತಪ್ಪಿದರೆ ಕಾಣುವುದಿಲ್ಲ.

ಗಾತ್ರದ ಮಾತು ಮೊದಲು. ಎಕ್ಸೆಲ್ ಶೀಟಿಗೆ 10,48,576 ಸಾಲು, 16,384 ಕಾಲಂ. ಲಿಬ್ರೆಯ ಕ್ಯಾಲ್ಕ್‌ನಲ್ಲೂ ಸಾಲು ಅಷ್ಟೇ. ಕಾಲಂ ಮೊದಲು 1,024 ಇತ್ತು, 2022ರ 7.4 ಆವೃತ್ತಿಯಿಂದ 16,384. ಗೂಗಲ್ ಶೀಟ್ಸ್‌ನಲ್ಲಿ ಇಡೀ ಫೈಲಿಗೆ 1 ಕೋಟಿ ಸೆಲ್. ಹಳೆಯ ಎಕ್ಸ್‌ಎಲ್‌ಎಸ್ ಬಗೆಯಲ್ಲಿ 65,536 ಸಾಲು ಮಾತ್ರ, ಅದಕ್ಕಿಂತ ಉದ್ದದ್ದನ್ನು ಅದರಲ್ಲಿ ಉಳಿಸಿದರೆ ಬಾಲ ಕತ್ತರಿಸಿ ಹೋಗುತ್ತದೆ. ತಿಂಗಳ ಲೆಕ್ಕಕ್ಕೆ ಇದ್ಯಾವುದೂ ಅಡ್ಡಿಯಲ್ಲ, ಬಿಡಿ.

ಅಡ್ಡಿ ಬರುವುದು ಫಾರ್ಮುಲಾಗಳಲ್ಲಿ. ಎಕ್ಸೆಲ್‌ನ ಹೊಸ ಫಾರ್ಮುಲಾಗಳಾದ ಎಕ್ಸ್‌ಲುಕ್‌ಅಪ್, ಫಿಲ್ಟರ್, ಸಾರ್ಟ್, ಯುನೀಕ್, ಲೆಟ್ ಇವು ಕ್ಯಾಲ್ಕ್‌ಗೆ ಬಂದದ್ದು 2024ರ 24.8 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಲಿಬ್ರೆಯಲ್ಲಿ ಇಂಥ ಶೀಟು ತೆರೆದಾಗ ಮೋಸ ಆಗುವ ಬಗೆ ಸೊಗಸಾಗಿದೆ. ಎಕ್ಸೆಲ್ ಫೈಲು ತೆರೆಯುವಾಗ ಕ್ಯಾಲ್ಕ್ ಸಾಮಾನ್ಯವಾಗಿ ಮರುಲೆಕ್ಕ ಮಾಡುವುದಿಲ್ಲ, ಎಕ್ಸೆಲ್ ಕೊನೆಗೆ ಬರೆದಿಟ್ಟ ಉತ್ತರವನ್ನೇ ತೋರಿಸುತ್ತದೆ. ಎಲ್ಲ ಸರಿಯಿದೆ ಅನ್ನಿಸುತ್ತದೆ. ಯಾವುದೋ ಸೆಲ್ ಮುಟ್ಟಿದ ಮೇಲೆ ನೇಮ್ ಎರರ್ (ಈ ಫಾರ್ಮುಲಾ ಗೊತ್ತಿಲ್ಲ ಅನ್ನುವ ದೋಷ) ಸಾಲುಸಾಲಾಗಿ ಬೀಳುತ್ತದೆ. ಆದ್ದರಿಂದ ಪರೀಕ್ಷೆ ಮಾಡುವಾಗ ಫೈಲು ತೆರೆದ ಕೂಡಲೇ ಕಂಟ್ರೋಲ್ + ಶಿಫ್ಟ್ + ಎಫ್9 ಒತ್ತಿ, ಇಡೀ ಶೀಟು ಮೊದಲಿನಿಂದ ಲೆಕ್ಕ ಆಗುತ್ತದೆ. ಒತ್ತುವ ಮೊದಲಿನ ಮೊತ್ತ, ಒತ್ತಿದ ಮೇಲಿನ ಮೊತ್ತ ಎರಡೂ ಒಂದೇ ಇದ್ದರೆ ನಂಬಬಹುದು.

ಗೂಗಲ್ ಶೀಟ್ಸ್‌ನದು ಬೇರೆ ಕಥೆ. ಕ್ವೆರಿ, ಇಂಪೋರ್ಟ್‌ರೇಂಜ್ ಎಂಬ ಫಾರ್ಮುಲಾಗಳು ಅಲ್ಲಿ ಮಾತ್ರ ಇರುವವು. ಅವನ್ನು ಬಳಸಿದ ಶೀಟನ್ನು ಎಕ್ಸೆಲ್ ಆಗಿ ಡೌನ್‌ಲೋಡ್ ಮಾಡಿದರೆ ಆ ಸೆಲ್‌ನಲ್ಲಿ "ಡಮ್ಮಿಫಂಕ್ಷನ್" ಎನ್ನುವ ಗೊಂಬೆ ಫಾರ್ಮುಲಾ ಮತ್ತು ಡೌನ್‌ಲೋಡ್ ಹೊತ್ತಿನ ಉತ್ತರ ಇರುತ್ತದೆ. ಮೂಲ ಅಂಕಿ ಬದಲಿಸಿದರೂ ಅದು ಅಲ್ಲಾಡುವುದಿಲ್ಲ.

ಪಿವಟ್ ಟೇಬಲ್ ಎಲ್ಲ ಕಡೆ ಇದೆ. ದೊಡ್ಡ ಅಂಕಿರಾಶಿಗಳನ್ನು ತಂದು ಜೋಡಿಸುವ ಪವರ್ ಕ್ವೆರಿ, ಪವರ್ ಪಿವಟ್ ಎರಡೂ ಬೇಕೇ ಬೇಕು ಅನ್ನುವವರಿಗೆ ವಿಂಡೋಸ್‌ನ ಎಕ್ಸೆಲ್ ಬಿಟ್ಟು ಬೇರೆ ದಾರಿಯಿಲ್ಲ, ಅಲ್ಲಿ ವಾದ ವ್ಯರ್ಥ.

ಬಿಳಿಹಾಳೆ

ಪವರ್ ಕ್ವೆರಿ ಬೇಡ. ಆದರೆ ಮ್ಯಾಕ್ರೋ ಇರುವ ಎಕ್ಸೆಲ್ ಫೈಲು ಒಂದು ಬರುತ್ತದೆ, ಒಂದು ಬಟನ್ ಒತ್ತಿದರೆ ಪಟ್ಟಿ ಸಿದ್ಧವಾಗುವಂಥದ್ದು. ಇನ್ನೊಂದು, ಸಿಎಸ್‌ವಿ (ಸಾದಾ ಪಠ್ಯದಲ್ಲಿರುವ ಪಟ್ಟಿ) ಫೈಲಿನಲ್ಲಿ ಕನ್ನಡ ಹೆಸರುಗಳಿದ್ದರೆ ಎಕ್ಸೆಲ್‌ನಲ್ಲಿ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಕ್ಯಾಲ್ಕ್‌ನಲ್ಲಿ ಸರಿಹೋಗುತ್ತದೆಯೇ?

ಕೋಶಾಧಿಪತಿ

ಮ್ಯಾಕ್ರೋ: ಸೆಲ್‌ಗಳಲ್ಲಿ ಓದಿ ಬರೆದು ಮಾಡುವ ಸರಳ ವಿಬಿಎ (ಎಕ್ಸೆಲ್ ಮ್ಯಾಕ್ರೋ ಬರೆಯುವ ಭಾಷೆ) ಕ್ಯಾಲ್ಕ್‌ನಲ್ಲಿ ಎಷ್ಟೋ ಸಲ ಓಡುತ್ತದೆ. ಸೆಕ್ಯುರಿಟಿ ಮಟ್ಟ "ಹೈ" ಇರುವುದರಿಂದ ತಾನಾಗಿ ಓಡುವುದಿಲ್ಲ. ಟೂಲ್ಸ್ > ಆಪ್ಷನ್ಸ್ > ಲಿಬ್ರೆಆಫೀಸ್ > ಸೆಕ್ಯುರಿಟಿ > ಮ್ಯಾಕ್ರೋ ಸೆಕ್ಯುರಿಟಿಯಲ್ಲಿ ಆ ಫೈಲಿರುವ ಫೋಲ್ಡರ್ ಒಂದನ್ನೇ ನಂಬಿಕೆಯ ಜಾಗವಾಗಿ ಸೇರಿಸಿ. ಮಟ್ಟವನ್ನೇ "ಲೋ" ಮಾಡಬೇಡಿ. ಫಾರ್ಮ್ ಕಿಟಕಿ ತೆರೆಯುವ, ಔಟ್‌ಲುಕ್ ಕರೆಯುವ, ವಿಂಡೋಸ್ ಲೈಬ್ರರಿ ಹಿಡಿಯುವ ಮ್ಯಾಕ್ರೋ ಆದರೆ ಕೈಕೊಡುವ ಸಾಧ್ಯತೆಯೇ ಹೆಚ್ಚು. ಬ್ರೌಸರ್‌ನ ಎಕ್ಸೆಲ್‌ನಲ್ಲಿ ವಿಬಿಎ ಓಡುವುದೇ ಇಲ್ಲ. ಗೂಗಲ್‌ನದು ಆ್ಯಪ್ಸ್ ಸ್ಕ್ರಿಪ್ಟ್, ಓನ್ಲಿಆಫೀಸ್ ಎಂಬ ಇನ್ನೊಂದು ಉಚಿತ ಸೂಟ್‌ನದು ಜಾವಾಸ್ಕ್ರಿಪ್ಟ್, ಎರಡರಲ್ಲೂ ವಿಬಿಎ ಬಾರದು. ಆ ಬಟನ್ ಇಲ್ಲದೆ ಕೆಲಸ ನಿಲ್ಲುವುದಾದರೆ ನಿಮ್ಮ ಸೂಟ್ ಆಯ್ಕೆ ಆ ಬಟನ್ನೇ ಮಾಡಿಬಿಟ್ಟಿದೆ.

ಅಸಲಿ ಎಕ್ಸೆಲ್‌ನಲ್ಲೂ ಇಂಟರ್ನೆಟ್‌ನಿಂದ ಇಳಿಸಿದ ಫೈಲಿನ ಮ್ಯಾಕ್ರೋ ಈಗ ತಡೆಯಲ್ಪಡುತ್ತದೆ, ಮೇಲೆ ಕೆಂಪು ಪಟ್ಟಿ ಬರುತ್ತದೆ. ಕಳಿಸಿದವರು ಗೊತ್ತಿದ್ದವರಾದರೆ ಫೈಲಿನ ಮೇಲೆ ರೈಟ್ ಕ್ಲಿಕ್ > ಪ್ರಾಪರ್ಟೀಸ್ > ಅನ್‌ಬ್ಲಾಕ್ ಗುರುತು ಹಾಕಿ ತೆರೆಯಬೇಕು.

ಸಿಎಸ್‌ವಿ: ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯುವುದೇ ತಪ್ಪು. ಫೈಲು ಯುಟಿಎಫ್-8 (ಯೂನಿಕೋಡ್ ಅಕ್ಷರ ಸಂಕೇತ) ಎಂದು ಹೇಳುವ ಗುರುತು ಆರಂಭದಲ್ಲಿ ಇಲ್ಲದಿದ್ದರೆ ಎಕ್ಸೆಲ್ ಅದನ್ನು ಹಳೆಯ ವಿಂಡೋಸ್ ಸಂಕೇತ ಎಂದುಕೊಳ್ಳುತ್ತದೆ. ಡೇಟಾ > ಫ್ರಂ ಟೆಕ್ಸ್ಟ್/ಸಿಎಸ್‌ವಿ ಒತ್ತಿ ಫೈಲ್ ಒರಿಜಿನ್‌ನಲ್ಲಿ 65001 ಯೂನಿಕೋಡ್ ಆರಿಸಿ. ಕ್ಯಾಲ್ಕ್ ಈ ವಿಷಯದಲ್ಲಿ ಸಭ್ಯ. ತೆರೆಯುವಾಗಲೇ ಕಿಟಕಿ ತೋರಿಸಿ ಸಂಕೇತ ಯಾವುದು, ಅಲ್ಪವಿರಾಮವೇ ಟ್ಯಾಬೇ, ಯಾವ ಕಾಲಂ ಪಠ್ಯ ಎಂದು ಕೇಳುತ್ತದೆ.

ಸೊನ್ನೆಯಿಂದ ಶುರುವಾಗುವ ಸಂಖ್ಯೆ, ಉದ್ದದ ಖಾತೆ ಸಂಖ್ಯೆ ಇರುವ ಕಾಲಂಗಳನ್ನು ಅಲ್ಲೇ "ಟೆಕ್ಸ್ಟ್" ಮಾಡಬೇಕು. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಹಿಡಿಯುತ್ತದೆ, 16ನೆಯದು ಸೊನ್ನೆಯಾಗುತ್ತದೆ, ಉಳಿಸಿದ ಮೇಲೆ ವಾಪಸ್ ಬರುವುದಿಲ್ಲ. ದಿನಾಂಕ ಎಂದು ತಪ್ಪು ತಿಳಿಯುವ ಚಾಳಿಯೂ ಹಳೆಯದು. ವಂಶವಾಹಿಗಳ ಹೆಸರನ್ನು ಶೀಟುಗಳು ಸೆಪ್ಟೆಂಬರ್, ಮಾರ್ಚ್ ಎಂದು ತಿರುಚುತ್ತಿದ್ದವು. ಕೊನೆಗೆ 2020ರಲ್ಲಿ ಹೆಸರಿಡುವ ಸಮಿತಿಯೇ ಆ ವಂಶವಾಹಿಗಳ ಹೆಸರು ಬದಲಿಸಿತು. ಆಗ ತಂತ್ರಾಂಶ ಬಗ್ಗಲಿಲ್ಲ, ವಿಜ್ಞಾನವೇ ಬಗ್ಗಿತು!

ಮೋಡಗಾವಲು

ಯಾರೂ ಗೂಗಲ್ ಡಾಕ್ಸ್ ಹೆಸರೆತ್ತಲಿಲ್ಲವಲ್ಲ. ನಾಲ್ಕು ಜನ ಒಂದೇ ಹೊತ್ತಿಗೆ ಒಂದೇ ಬರಹ ತಿದ್ದುವುದಾದರೆ ಅದರಷ್ಟು ಹಗುರವಾದದ್ದು ಇಲ್ಲ. ಹಳೆಯ ಆವೃತ್ತಿಗೆ ಹಿಂದಿರುಗುವುದೂ ಸುಲಭ.

ಆದರೆ ಮೂರು ವಿಷಯ ತಿಳಿದಿರಲಿ. ಇಂಟರ್ನೆಟ್ ಇಲ್ಲದಾಗ ಬಳಸಲು ಆಫ್‌ಲೈನ್ ಸೌಲಭ್ಯವನ್ನು ಮುಂಚೆಯೇ ಚಾಲೂ ಮಾಡಿರಬೇಕು, ಅದೂ ಕ್ರೋಮ್ ಅಥವಾ ಎಡ್ಜ್‌ನಲ್ಲಿ. ಸಂಪರ್ಕ ಹೋದ ಮೇಲೆ ಮಾಡಲು ಬರುವುದಿಲ್ಲ. ಎರಡನೆಯದು, ಡ್ರೈವ್ ಫೋಲ್ಡರ್‌ನಲ್ಲಿ ಕಾಣುವ ಜಿಡಾಕ್ ಫೈಲು ಬರೀ ಕೊಂಡಿ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಒಳಗೆ ಒಂದಕ್ಷರವೂ ಇರುವುದಿಲ್ಲ. ಬ್ಯಾಕಪ್ ಬೇಕೆಂದರೆ ಡಾಕ್‌ಎಕ್ಸ್ ಆಗಿ ಡೌನ್‌ಲೋಡ್ ಮಾಡಬೇಕು, ಇಲ್ಲವೇ ಗೂಗಲ್ ಟೇಕ್‌ಔಟ್‌ನಿಂದ ಒಟ್ಟಿಗೆ ಇಳಿಸಿಕೊಳ್ಳಬೇಕು. ಮೂರನೆಯದು, ಉಚಿತ 15 ಜಿಬಿ ಜಾಗ ಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ.

ಟಕಟಕ

ಬಿಳಿಹಾಳೆಯವರು ಇಂಟರ್ನೆಟ್ ನೆಚ್ಚುವಂತಿಲ್ಲ ಎಂದಿದ್ದಾರೆ. ಅಲ್ಲಿಗೆ ಗೂಗಲ್ ಹೊರಗೆ.

ಮೋಡಗಾವಲು

ಮುಖ್ಯ ಸೂಟ್ ಆಗಿ ಹೊರಗೆ, ಸರಿ. ಜೊತೆಗಿರಲು ಏನಡ್ಡಿ?

ಹಳೇಪ್ರತಿ

ಮೈಕ್ರೋಸಾಫ್ಟ್ ಕಡೆಯದನ್ನು ಯಾರೂ ಬಿಡಿಸಿ ಹೇಳಿಲ್ಲ. ಎರಡು ದಾರಿ. ಮೈಕ್ರೋಸಾಫ್ಟ್ 365 ಅಂದರೆ ಚಂದಾ. ಪರ್ಸನಲ್‌ನಲ್ಲಿ ಒಬ್ಬರು, ಏಕಕಾಲಕ್ಕೆ ಐದು ಸಾಧನದವರೆಗೆ. ಫ್ಯಾಮಿಲಿಯಲ್ಲಿ ಆರು ಜನರವರೆಗೆ, ತಲಾ 1 ಟಿಬಿ ಒನ್‌ಡ್ರೈವ್. ಚಂದಾ ನಿಂತರೆ ಫೈಲು ತೆರೆದು ಓದಬಹುದು, ಪ್ರಿಂಟ್ ತೆಗೆಯಬಹುದು, ತಿದ್ದಲು ಬರುವುದಿಲ್ಲ.

ಇನ್ನೊಂದು, ಒಂದೇ ಸಲ ಕೊಳ್ಳುವ ಆಫೀಸ್ 2024. ಒಂದು ಕಂಪ್ಯೂಟರ್‌ಗೆ. ಭದ್ರತೆಯ ಅಪ್‌ಡೇಟ್ 2029ರ ಅಕ್ಟೋಬರ್‌ವರೆಗೆ, ಹೊಸ ಸೌಲಭ್ಯಗಳು ಬರುವುದಿಲ್ಲ. "ಜೀವಮಾನ ಪರವಾನಗಿ" ಎಂದು ಹಳೆಯ 2016, 2019 ಮಾರುವವರಿಂದ ದೂರ ಇರಿ, ಆ ಎರಡಕ್ಕೂ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿತು. 2021ರದ್ದು 2026ರ ಅಕ್ಟೋಬರ್ 13ಕ್ಕೆ ನಿಲ್ಲುವಂಥದ್ದು.

365 ಹಾಕಿದರೆ ಆಟೋಸೇವ್ ಬಗ್ಗೆ ಎಚ್ಚರ. ಒನ್‌ಡ್ರೈವ್‌ನಲ್ಲಿರುವ ಫೈಲಿಗೆ ಅದು ತಾನಾಗಿ ಚಾಲೂ. ಕಳೆದ ತಿಂಗಳ ಶೀಟು ತೆರೆದು ಈ ತಿಂಗಳ ಅಂಕಿ ಹಾಕಿ ಕೊನೆಗೆ ಸೇವ್ ಆ್ಯಸ್ ಮಾಡೋಣ ಅನ್ನುವ ಅಭ್ಯಾಸ ಇದ್ದರೆ ಅಷ್ಟರಲ್ಲಿ ಹಳೆಯದು ಅಳಿದಿರುತ್ತದೆ. ಮೊದಲು ಸೇವ್ ಎ ಕಾಪಿ, ಆಮೇಲೆ ಟೈಪಿಂಗ್.

ಅಡ್ಡಸಾಲು

ಉಳಿದವನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಅಪಾಚೆ ಓಪನ್‌ಆಫೀಸ್ ಹಾಕಬೇಡಿ. 2010ರಲ್ಲಿ ಲಿಬ್ರೆ ಕವಲೊಡೆದ ಮೇಲೆ ಕೆಲಸಗಾರರು ಬಹುತೇಕ ಆ ಕಡೆ ಹೋದರು. ಓಪನ್‌ಆಫೀಸ್ 2014ರ 4.1 ಸರಣಿಯಲ್ಲೇ ನಿಂತಿದೆ, ಡಾಕ್‌ಎಕ್ಸ್ ತೆರೆಯುತ್ತದೆಯೇ ಹೊರತು ಆ ಬಗೆಯಲ್ಲಿ ಉಳಿಸುವುದಿಲ್ಲ. ಡಬ್ಲ್ಯುಪಿಎಸ್ ನೋಡಲು ಮೈಕ್ರೋಸಾಫ್ಟ್ ಆಫೀಸ್‌ನ ತದ್ರೂಪ, ಉಚಿತ ಆವೃತ್ತಿಯಲ್ಲಿ ಜಾಹೀರಾತು ಇರಬಹುದು. ಸಾಫ್ಟ್‌ಮೇಕರ್‌ನ ಫ್ರೀಆಫೀಸ್ ಹಗುರ, ಹಳೆಯ ಯಂತ್ರಕ್ಕೆ ಒಳ್ಳೆಯದು.

ಓನ್ಲಿಆಫೀಸ್ ಡೆಸ್ಕ್‌ಟಾಪ್ ಮಾತ್ರ ನಿಂತು ನೋಡುವಂಥದ್ದು. ಉಚಿತ, ಮುಕ್ತ ತಂತ್ರಾಂಶ, ಇಂಟರ್ನೆಟ್ ಬೇಡ. ಅದರ ಒಳಗಿನ ಮೂಲರೂಪವೇ ಒಒಎಕ್ಸ್‌ಎಂಎಲ್ ಆದ್ದರಿಂದ ಡಾಕ್‌ಎಕ್ಸ್ ಹೋಗಿ ಬರುವಾಗ ಪರಿವರ್ತನೆಯ ಸೋರಿಕೆ ಕಡಿಮೆ. ಒಡಿಟಿಯನ್ನೇ ಅದು ಪರಿವರ್ತಿಸಿ ತೆರೆಯುತ್ತದೆ, ಲಿಬ್ರೆಗೆ ತದ್ವಿರುದ್ಧ. ನಿಮ್ಮ ವರದಿಗಳಿಗೆ ಇದನ್ನೂ ಪರೀಕ್ಷೆಯಲ್ಲಿ ಸೇರಿಸಿ.

ಮುದ್ರಾರಾಕ್ಷಸ

ಕನ್ನಡದ ವಿಷಯ ಬಾಕಿ ಇದೆ. ಲಿಬ್ರೆ, ವರ್ಡ್ ಎರಡರಲ್ಲೂ ಲ್ಯಾಟಿನ್ ಲಿಪಿಗೆ ಒಂದು ಫಾಂಟ್, ಕನ್ನಡದಂಥ ಸಂಕೀರ್ಣ ಲಿಪಿಗೆ ಇನ್ನೊಂದು ಫಾಂಟ್, ಗಾತ್ರವೂ ಬೇರೆ. ಇಂಗ್ಲಿಷ್ ಪದ 12ರಲ್ಲಿ, ಕನ್ನಡ ಪದ 10ರಲ್ಲಿ ಕೂತು ಸಾಲು ಕುಂಟುವುದು ಇದರಿಂದಲೇ. ಲಿಬ್ರೆಯಲ್ಲಿ ಟೂಲ್ಸ್ > ಆಪ್ಷನ್ಸ್‌ನ ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಗುರುತು ಹಾಕಿ ಕನ್ನಡ ಆರಿಸಿ. ಆಮೇಲೆ ಲಿಬ್ರೆಆಫೀಸ್ ರೈಟರ್ > ಬೇಸಿಕ್ ಫಾಂಟ್ಸ್ ಸಿಟಿಎಲ್‌ನಲ್ಲಿ ಫಾಂಟು, ಗಾತ್ರ ಕೊಡಿ. ವರ್ಡ್‌ನಲ್ಲಿ ಕಂಟ್ರೋಲ್ + ಡಿ ಒತ್ತಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಭಾಗ ನೋಡಿ.

ಆ ಕಡೆಯವರೂ ವಿಂಡೋಸ್ ಆದರೆ ನಿರ್ಮಲಾ ಯುಐ ಇದ್ದೇ ಇರುತ್ತದೆ. ನೋಟೋ ಸೆರಿಫ್ ಕನ್ನಡ ನೋಡಲು ಚೆಂದ, ಆದರೆ ಎರಡೂ ಕಡೆ ಹಾಕಿರಬೇಕು. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನ ಫೈಲು ಇದ್ದರೆ ಅದು ಯಾವ ಸೂಟ್‌ನಲ್ಲೂ ಆ ಫಾಂಟಿಲ್ಲದೆ ಗೀಚಾಗಿಯೇ ಕಾಣುತ್ತದೆ. ಒಮ್ಮೆ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಬಿಡಿ, ಸೂಟ್ ಬದಲಿಸಿ ಪ್ರಯೋಜನವಿಲ್ಲ.

ಬಿಳಿಹಾಳೆ

ಎಲ್ಲರಿಗೂ ಧನ್ಯವಾದ. ಹಾಗಾದರೆ ಲಿಬ್ರೆ ಮುಖ್ಯವಾಗಿ, ವರದಿಗೆ ಓನ್ಲಿಆಫೀಸ್, ನೋಡಿಕೊಳ್ಳಲು ಬ್ರೌಸರ್‌ನ ವರ್ಡ್. ಲಿಬ್ರೆ, ಓನ್ಲಿಆಫೀಸ್ ಎರಡನ್ನೂ ಒಟ್ಟಿಗೆ ಹಾಕಿದರೆ ಜಗಳವಾಡುತ್ತವೆಯೇ? ಸಿಂಕ್ ಆಗುವ ಫೋಲ್ಡರ್‌ನಲ್ಲಿ ಇಟ್ಟರೆ?

ಕೋಶಾಧಿಪತಿ

ಆ ಮ್ಯಾಕ್ರೋ ಬಟನ್ ಕ್ಯಾಲ್ಕ್‌ನಲ್ಲಿ ಓಡಿದರೆ ಮಾತ್ರ ಈ ಜೋಡಿ. ಓಡದಿದ್ದರೆ ಆಫೀಸ್ 2024 ಅಥವಾ 365, ಬೇರೆ ಮಾತಿಲ್ಲ.

ಅಡ್ಡಸಾಲು

ಜಗಳವಿಲ್ಲ, ಒಂದು ಫೈಲನ್ನು ಏಕಕಾಲಕ್ಕೆ ಎರಡರಲ್ಲೂ ತೆರೆಯಬೇಡಿ ಅಷ್ಟೇ. ಲಿಬ್ರೆ ಫೈಲು ತೆರೆದಾಗ ಪಕ್ಕದಲ್ಲಿ "ಲಾಕ್" ಎಂಬ ಹೆಸರಿನ ಸಣ್ಣ ಅಡಗಿದ ಫೈಲು ಇಡುತ್ತದೆ. ಯಂತ್ರ ಹಠಾತ್ತನೆ ನಿಂತರೆ ಅದು ಅಲ್ಲೇ ಉಳಿದು ಮುಂದಿನ ಸಲ "ಫೈಲು ಬಳಕೆಯಲ್ಲಿದೆ" ಅನ್ನುತ್ತದೆ. ಯಾರೂ ತೆರೆದಿಲ್ಲವೆಂದು ಖಾತ್ರಿ ಮಾಡಿಕೊಂಡು ಅಳಿಸಬಹುದು. ಸಿಂಕ್ ಫೋಲ್ಡರ್‌ನಲ್ಲಿ ಎರಡು ಯಂತ್ರದಿಂದ ತಿದ್ದಿದರೆ ಎರಡು ಪ್ರತಿ ಹುಟ್ಟುತ್ತವೆ. ಆಗ ಲಿಬ್ರೆಯಲ್ಲಿ ಎಡಿಟ್ > ಟ್ರ್ಯಾಕ್ ಚೇಂಜಸ್ > ಕಂಪೇರ್ ಡಾಕ್ಯುಮೆಂಟ್ ಒತ್ತಿ ಕೂಡಿಸಿಕೊಳ್ಳಿ.

ಲೋಡ್/ಸೇವ್ > ಜನರಲ್‌ನಲ್ಲಿ ಆಟೋರಿಕವರಿ 10 ನಿಮಿಷ ಇರುತ್ತದೆ, 3 ಮಾಡಿ. "ಆಲ್ವೇಸ್ ಕ್ರಿಯೇಟ್ ಬ್ಯಾಕಪ್ ಕಾಪಿ"ಗೂ ಗುರುತು ಹಾಕಿ. ಯಾವ ಫೈಲಿಗೆ ಯಾವ ಸೂಟ್ ಅನ್ನುವುದನ್ನು ವಿಂಡೋಸ್ ಸೆಟ್ಟಿಂಗ್ಸ್ > ಆ್ಯಪ್ಸ್ > ಡಿಫಾಲ್ಟ್ ಆ್ಯಪ್ಸ್‌ನಲ್ಲಿ ಬಗೆಯ ಹೆಸರು ಹಾಕಿ ಹುಡುಕಿ ಕೊಡಿ: ಡಾಕ್‌ಎಕ್ಸ್ ಓನ್ಲಿಆಫೀಸ್‌ಗೆ, ಎಕ್ಸ್‌ಎಲ್‌ಎಸ್‌ಎಕ್ಸ್, ಸಿಎಸ್‌ವಿ, ಒಡಿಟಿ ಲಿಬ್ರೆಗೆ.